ಮಬ್ಬುಬೆಳಕಿನಲ್ಲಿ ಲಕ್ಷ್ಯಸಾಧನೆ

ಬಳ್ಳಾರಿಯ ಸೀಮೆಯಲ್ಲಿ ಬಿಲ್ಲು ಹಿಡಿದು ಅಭ್ಯಾಸ ಮಾಡಬಯಸುವವನಿಗೆ ಹಗಲಿನ ಬಹುಭಾಗ ದಕ್ಕುವುದಿಲ್ಲ. ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ವೇಳೆಗೆ ಊರ ನಡುವಣ ಬಂಡೆಗುಡ್ಡಗಳು ಹೊತ್ತೇರುವ ಮುನ್ನವೇ ಕಾಯತೊಡಗಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯವಾಗಿ, ಆ ಕಾವನ್ನು ಕಲ್ಲುಗಳು ಸಂಜೆಯವರೆಗೂ ಹೊರಸೂಸುತ್ತಿರುವಾಗ, ಬಯಲಿನಲ್ಲಿ ನಿಂತು ಹೆದೆಯೆಳೆಯಲು ಉಳಿಯತಕ್ಕ ಹೊತ್ತು ಎರಡೇ: ಬೆಳಗಿನ ನಸುಕು ಮತ್ತು ಸಂಜೆಯ ಮಬ್ಬು. ಸಿರುಗುಪ್ಪದ ಗದ್ದೆಬಯಲಿನಲ್ಲಿ ತುಂಗಭದ್ರೆಯ ತಂಪು ಒಂದಿಷ್ಟು ಇದ್ದರೂ, ಕುರುಗೋಡಿನಲ್ಲಿ ಗುಡ್ಡದ ನೆರಳು ಬೇಗನೆ ಬಿದ್ದರೂ, ಮೂಲಸ್ಥಿತಿ ಬೇರೆಯಲ್ಲ. ಆದುದರಿಂದ ಕಡಿಮೆ ಬೆಳಕಿನಲ್ಲಿ ಗುರಿಯಿಡುವುದು ಹೇಗೆ, ಅದಕ್ಕೆ ಬಿಲ್ಲಿನ ಮೇಲೆ ಎಂತಹ ಸೈಟನ್ನು, ಅಂದರೆ ಗುರಿನೋಡುವ ಸಾಧನವನ್ನು, ಕೂರಿಸಬೇಕು ಎಂಬ ಪ್ರಶ್ನೆ ಈ ಸೀಮೆಗೆ ಪರದೇಶದ ಕುತೂಹಲವಲ್ಲ. ಇಲ್ಲಿನ ಹವೆಯೇ ಒಡ್ಡುವ ಪ್ರಶ್ನೆ.

ಆದರೆ ಈ ವಿಷಯದಲ್ಲಿ ಇಂದು ಪ್ರಚಾರದಲ್ಲಿರುವ ಉಪದೇಶವೆಲ್ಲ ಹುಟ್ಟಿದ್ದು ಬೇಟೆಯಿಂದ, ಅದರಲ್ಲಿಯೂ ಉತ್ತರ ಅಮೆರಿಕದ ಜಿಂಕೆಬೇಟೆಯಿಂದ. ಜಿಂಕೆ ಮೇವಿಗೆ ಹೊರಡುವುದೂ ಮೇದು ಮರಳುವುದೂ ಇಬ್ಬಗೆಯ ಸಂಧ್ಯೆಗಳಲ್ಲಿ. ಅದನ್ನು ಕಾಯುತ್ತ ಮರದ ಮೇಲೆ ಕುಳಿತವನಿಗೆ ಕೊನೆಯ ಹತ್ತು ನಿಮಿಷದ ಬೆಳಕೇ ಸರ್ವಸ್ವ. 1966ರಲ್ಲಿ ಮಿಸ್ಸೌರಿಯ ಹಾಲಿಸ್ ವಿಲ್ಬರ್ ಆ್ಯಲೆನ್ ಎಂಬವನು ರಾಟೆಗಳನ್ನು ಜೋಡಿಸಿದ ಕಾಂಪೌಂಡ್ ಬಿಲ್ಲಿಗೆ ಪೇಟೆಂಟು ಬೇಡಿ, 1969ರಲ್ಲಿ ಅದನ್ನು ಪಡೆದ ತರುವಾಯ, ಪೂರ್ತಿ ಎಳೆದ ಹೆದೆಯನ್ನು ಅಲ್ಪ ಬಲದಿಂದ ಹಿಡಿದು ನಿಲ್ಲುವುದು ಸಾಧ್ಯವಾಯಿತು. ಹಿಡಿದು ನಿಲ್ಲಲು ಅವಕಾಶ ದೊರೆತುದರಿಂದ ನಿಧಾನವಾಗಿ ಗುರಿನೋಡಲು ಅವಕಾಶ ದೊರೆಯಿತು. ಗುರಿನೋಡಲು ಅವಕಾಶ ದೊರೆತುದರಿಂದ ಸೈಟುಗಳ ವ್ಯಾಪಾರ ಬೆಳೆಯಿತು. ಆ ವ್ಯಾಪಾರದ ಬಾಯಿಪಾಠವೊಂದೇ: ಲಕ್ಷ್ಯಕ್ಕೆ ನೇರವಾಗಿ ಹಿಡಿಯುವ ಸೈಟಿನ ಕಡ್ಡಿ, ಅಂದರೆ ಪಿನ್ನು, ಎಷ್ಟು ಪ್ರಕಾಶಮಾನವೋ ಅಷ್ಟೂ ಒಳ್ಳೆಯದು. ಈ ಮಾತು ಅರ್ಧಸತ್ಯವೆಂದೂ, ಬಳ್ಳಾರಿಯ ಅಕ್ಷಾಂಶದಲ್ಲಿ ಆ ಅರ್ಧವೂ ಉಳಿಯುವುದಿಲ್ಲವೆಂದೂ ನನಗೆ ತೋರುತ್ತದೆ.

ಬಿಲ್ಲು ಈ ನೆಲಕ್ಕೆ ಹೊಸದಲ್ಲ. ಬಳ್ಳಾರಿಗೆ ಸಮೀಪದ ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ಅವರು ನಡೆಸಿದ ಉತ್ಖನನವು 1948ರಲ್ಲಿ ಗ್ರಂಥರೂಪದಲ್ಲಿ ಬೆಳಕು ಕಂಡಾಗ, ಅಲ್ಲಿ ನವಶಿಲಾಯುಗದ ಪದರಕ್ಕಿಂತ ಕೆಳಗೆ ದೊರೆತ ಸೂಕ್ಷ್ಮಶಿಲಾಯುಧಗಳು ಪಂಡಿತರ ಲಕ್ಷ್ಯವನ್ನು ಸೆಳೆದವು. ಬೆರಳುಗುರಿನಷ್ಟು ಕಿರಿದಾದ ಅಂತಹ ಚಕ್ಕೆಗಳನ್ನು ಕಡ್ಡಿಗೆ ಅಂಟಿಸಿ ಬಾಣದ ಮೊನೆಯಾಗಿ ಬಳಸುತ್ತಿದ್ದರೆಂಬುದು ಪ್ರಾಗೈತಿಹಾಸಿಕರ ಸಾಮಾನ್ಯ ಅಭಿಪ್ರಾಯ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅಗೆಸಿದ ನೆಲೆಯೂ ಇದೇ ಪರಂಪರೆಯ ಮುಂದಿನ ಅಧ್ಯಾಯ. ಕುರುಗೋಡನ್ನು ಆಳಿದ ಸಿಂದರು ಯಾವ ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದರೋ ಆ ಮನೆತನದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯೆಗೆ ಒಂದು ಪ್ರತ್ಯೇಕ ವಿಭಾಗವೇ ಉಂಟು. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಗಳಲ್ಲಿ ಬೇಟೆಯ ದೃಶ್ಯಗಳು ಸಾಲುಗಟ್ಟಿವೆ. ಬೇಡನೆಂದೂ ಬೋಯನೆಂದೂ ನಾಯಕನೆಂದೂ ವಾಲ್ಮೀಕಿಯೆಂದೂ ಕರೆಯಲ್ಪಡುವ ಜನ ಈ ಸೀಮೆಯ ಪಾಳೆಯಗಾರರ ದಂಡುಗಳಲ್ಲಿ ಆಯುಧ ಹಿಡಿದವರು. ಹಂಪೆಯ ಹರಿಹರ ಕವಿ ರಗಳೆಯಲ್ಲಿ ಹಾಡಿದ ಕಣ್ಣಪ್ಪನು ಬೇಡನೇ. ಇವರಾರ ಬಿಲ್ಲಿನ ಮೇಲೂ ಸೈಟಿರಲಿಲ್ಲ. ಕಣ್ಣು, ತೋಳು, ನಿತ್ಯದ ಅಭ್ಯಾಸ ಇವುಗಳ ಮೇಲೆ ಅವರ ಬಾಣ ಹೋಗುತ್ತಿತ್ತು.

ಕತ್ತಲಲ್ಲಿ ಬಿಟ್ಟ ಬಾಣ ಏನಾಗುತ್ತದೆಂಬುದನ್ನು ನಮ್ಮ ಇತಿಹಾಸಪುರಾಣಗಳು ಮರೆತಿಲ್ಲ. ದಶರಥನು ಮಳೆಗಾಲದ ರಾತ್ರಿ ಸರಯೂತೀರದಲ್ಲಿ, ನೀರಿಗೆ ಬರುವ ಆನೆಯನ್ನೋ ಕಾಡುಕೋಣವನ್ನೋ ಹೊಡೆಯುವೆನೆಂದು ಹೊಂಚಿ ಕುಳಿತು, ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಶಬ್ದವೇಧಿಯನ್ನು ಪ್ರಯೋಗಿಸಿದ. ಬಾಣ ಗುರಿತಪ್ಪಲಿಲ್ಲ, ಗುರಿಯೇ ತಪ್ಪಾಗಿತ್ತು. ಮೌಸಲಪರ್ವದಲ್ಲಿ ಜರನೆಂಬ ವ್ಯಾಧನು ಮಲಗಿದ್ದ ಕೃಷ್ಣನನ್ನು ಮೃಗವೆಂದು ಭ್ರಮಿಸಿ ಅಂಗಾಲನ್ನು ಭೇದಿಸಿದ. ಇಬ್ಬರ ಕೌಶಲವೂ ನಿರ್ದುಷ್ಟ. ದೋಷವಿದ್ದುದು ಪ್ರತ್ಯಭಿಜ್ಞೆಯಲ್ಲಿ, ಎದುರಿಗಿರುವುದು ಏನೆಂದು ಗುರುತಿಸುವುದರಲ್ಲಿ. ಧನುರ್ವೇದದ ಗ್ರಂಥಗಳು ಶಬ್ದವೇಧವನ್ನು ಒಂದು ಸಿದ್ಧಿಯಾಗಿ ಹೇಳಿದರೂ, ಕವಿಗಳು ಅದನ್ನು ದುರಂತದ ಬೀಜವನ್ನಾಗಿ ಬಳಸಿದುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಸೈಟಿನ ವಿಚಾರವನ್ನು ಇಲ್ಲಿಂದಲೇ ತೊಡಗಬೇಕು: ಪಿನ್ನು ಕಾಣುವುದು ಒಂದು, ಲಕ್ಷ್ಯ ಕಾಣುವುದು ಇನ್ನೊಂದು. ಮೊದಲನೆಯದನ್ನು ಹಣ ಕೊಟ್ಟು ಕೊಳ್ಳಬಹುದು, ಎರಡನೆಯದನ್ನು ಕೊಳ್ಳಲಾಗದು.

ಕಾನೂನಿನ ಮಾತನ್ನು ಸ್ಪಷ್ಟವಾಗಿ ಹೇಳಿ ಮುಂದುವರಿಯುವುದು ಉಚಿತ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ಬಂದಾಗ ಕೆಲವು ಬಗೆಯ ಬೇಟೆಗೆ ಪರವಾನಗಿ ದೊರೆಯುತ್ತಿತ್ತು. ಆಗಲೂ ಅದರ 17ನೆಯ ಪ್ರಕರಣವು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯಾಡುವುದನ್ನೂ, ಕೃತಕ ದೀಪವನ್ನು ಬಳಸುವುದನ್ನೂ, ಪ್ರಾಣಿಗಳು ನೀರು ಕುಡಿಯುವ ತಾಣದಲ್ಲಿ ಹೊಂಚುವುದನ್ನೂ, ಅತ್ಯಲ್ಪ ಅಪವಾದಗಳ ಹೊರತು, ನಿಷೇಧಿಸಿತ್ತು. ದಶರಥನ ಆ ರಾತ್ರಿಯ ಕೃತ್ಯದಲ್ಲಿ ಈ ನಿಷೇಧಗಳಲ್ಲಿ ಎರಡು ಒಟ್ಟಿಗೆ ಮುರಿದಿದ್ದವು. 1991ರ ತಿದ್ದುಪಡಿಯಿಂದ ಪರವಾನಗಿಯ ಬೇಟೆಯೇ ಕೊನೆಗೊಂಡಿತು. ಇಂದು ಸಿರುಗುಪ್ಪದ ಎರೆಬಯಲಿನಲ್ಲಿ ಕೃಷ್ಣಮೃಗಕ್ಕಾಗಲಿ, ಅಳಿವಿನಂಚಿಗೆ ಬಂದಿರುವ ಎರೆಭೂತ ಹಕ್ಕಿಗಾಗಲಿ, ದರೋಜಿಯ ಕರಡಿಗಾಗಲಿ ಬಾಣವೆತ್ತುವುದು ಅಪರಾಧ, ಹಾಗೆಯೇ ಇರತಕ್ಕದ್ದು. ಎರೆಭೂತದಂತಹ ಹಕ್ಕಿ ನಮ್ಮ ಜೋಳ ಹತ್ತಿಯ ಹೊಲಗಳ ನಡುವೆ ಇನ್ನೂ ಕಾಣಿಸಿಕೊಂಡಿರುವುದೇ ಈ ಜಿಲ್ಲೆಯ ಭಾಗ್ಯ; ಅದನ್ನು ಉಳಿಸಿಕೊಳ್ಳುವ ಹೊಣೆ ಬಿಲ್ಲು ಹಿಡಿದವರ ಮೇಲೆ ಇತರರಿಗಿಂತ ಹೆಚ್ಚಾಗಿಯೇ ಇದೆ. ಬ್ರಿಟನ್ನಿನಲ್ಲಿಯೂ ಬಿಲ್ಲಿನ ಬೇಟೆ 1981ರ ಕಾಯಿದೆಯಿಂದ ನಿಷಿದ್ಧ. ಆದುದರಿಂದ ಬೇಟೆಗಾಗಿ ರೂಪುಗೊಂಡ ಸಾಧನಗಳನ್ನು ನಾವು ಪರಾಮರ್ಶಿಸುವುದು ಸ್ಪರ್ಧೆಯ ಬಿಲ್ವಿದ್ಯೆಗಾಗಿ, ಅದರಲ್ಲಿಯೂ ಮರಗಳ ನೆರಳಿನಲ್ಲಿ ತಿಳಿಯದ ದೂರಗಳಲ್ಲಿ ನಿಲ್ಲಿಸಿದ ರಬ್ಬರುನೊರೆಯ ಪ್ರಾಣಿಗೊಂಬೆಗಳಿಗೆ ಬಾಣ ಬಿಡುವ ತ್ರಿ-ಆಯಾಮ ಸ್ಪರ್ಧೆಗಾಗಿ. ಬೇಟೆಯ ಸಮಸ್ತ ಕಷ್ಟವೂ ಅಲ್ಲಿ ಉಂಟು, ಜೀವಹಾನಿ ಮಾತ್ರ ಇಲ್ಲ.

ಇನ್ನು ಬೆಳಕಿನ ಲೆಕ್ಕ. ನಡುಹಗಲ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು ಸುಮಾರು 1 ಲಕ್ಷ ಲಕ್ಸ್. ಸೂರ್ಯ ಮುಳುಗುವ ಕ್ಷಣದಲ್ಲಿ ಕೆಲವು ನೂರು. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿದಾಗ ಮೂರು ನಾಲ್ಕು ಲಕ್ಸ್ ಮಾತ್ರ. ಹುಣ್ಣಿಮೆಯ ಬೆಳುದಿಂಗಳು ಒಂದು ಲಕ್ಸ್‌ನ ಕಾಲುಭಾಗವನ್ನೂ ಮೀರುವುದು ದುರ್ಲಭ. ಮುಳುಗಿದ ಕ್ಷಣದಿಂದ ಆ 6 ಡಿಗ್ರಿಯವರೆಗಿನ ಅವಧಿಯನ್ನು ಖಗೋಳಜ್ಞರು ಮೊದಲ ಸಂಧ್ಯೆಯೆಂದು ಎಣಿಸುತ್ತಾರೆ. ಈ ಅವಧಿಯ ದೀರ್ಘತೆ ಎಲ್ಲೆಡೆಯೂ ಒಂದೇ ಅಲ್ಲ. ಸಮಭಾಜಕಕ್ಕೆ ಸಮೀಪದ ನಾಡುಗಳಲ್ಲಿ ಸೂರ್ಯ ದಿಗಂತದೊಳಕ್ಕೆ ನೆಟ್ಟಗೆ ಇಳಿಯುವನು. ಉತ್ತರಕ್ಕೆ ಹೋದಂತೆ ಓರೆಯಾಗಿ ಜಾರುವನು. ಬಳ್ಳಾರಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮೊದಲ ಸಂಧ್ಯೆ ಸುಮಾರು 22 ನಿಮಿಷದಲ್ಲಿ ತೀರಿಹೋಗುತ್ತದೆ. 45 ಡಿಗ್ರಿಯ ಸುಮಾರಿನಲ್ಲಿರುವ ಅಮೆರಿಕದ ವಿಸ್ಕಾನ್ಸಿನ್, ಮಿನ್ನೆಸೋಟಾ ಸಂಸ್ಥಾನಗಳಲ್ಲಿ ಅದೇ ಬೆಳಕು ಅರ್ಧಗಂಟೆಯಷ್ಟು ಕಾಲ ನಿಲ್ಲುತ್ತದೆ.

ಆ ದೇಶದ ಅನೇಕ ಸಂಸ್ಥಾನಗಳಲ್ಲಿ ಜಿಂಕೆಬೇಟೆಗೆ ಸೂರ್ಯೋದಯಕ್ಕೆ ಅರ್ಧಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧಗಂಟೆ ತರುವಾಯದವರೆಗೆ ಅವಕಾಶ ಕೊಟ್ಟಿರುವುದು ಈ ಅರ್ಧಗಂಟೆಯನ್ನು ಹಿಡಿದೇ ಎಂದು ಊಹಿಸುವುದು ಕಷ್ಟವಲ್ಲ. ಅಲ್ಲಿನ ಗ್ರಂಥಗಳನ್ನು ಓದಿ, ಅಲ್ಲಿನ ಗಡಿಯಾರವನ್ನು ಕುರುಗೋಡಿನ ಬಯಲಿಗೆ ತಂದರೆ ಏನಾಗುವುದು? ಸೂರ್ಯ ಮುಳುಗಿದ ಅರ್ಧಗಂಟೆಯ ಹೊತ್ತಿಗೆ ಇಲ್ಲಿ ಬೆಳಕು ಒಂದು ಲಕ್ಸ್‌ನ ಆಸುಪಾಸಿಗೆ ಕುಸಿದು, ಮನುಷ್ಯನ ಕಣ್ಣಿಗೆ ಬಣ್ಣವೂ ವಿವರವೂ ಅಳಿದುಹೋಗಿರುತ್ತವೆ. ಅಲ್ಲಿ ಕೊನೆಯ ಹತ್ತು ನಿಮಿಷಕ್ಕಾಗಿ ಹಣ ಸುರಿಯುವುದಕ್ಕೆ ಒಂದು ಅರ್ಥವಿದೆ. ಇಲ್ಲಿ ಆ ಹತ್ತು ನಿಮಿಷಗಳೇ ಇಲ್ಲ. ನಮಗಿರುವುದು ಬಿಸಿಲಿಳಿದ ಮೇಲಿನ ಮುಕ್ಕಾಲು ಗಂಟೆಯ ನೆರಳುಬೆಳಕು ಮತ್ತು ಮುಳುಗಿದ ಮೇಲಿನ ಒಂದು ಕಾಲುಗಂಟೆ.

ಕಣ್ಣಿನ ರಚನೆಯೂ ಈ ವಿಚಾರದಲ್ಲಿ ದೊಡ್ಡ ಪಾತ್ರವುಳ್ಳದ್ದು. ಅಕ್ಷಿಪಟಲದಲ್ಲಿ ಶಂಕುಕೋಶಗಳೆಂದೂ ದಂಡಕೋಶಗಳೆಂದೂ ಎರಡು ಬಗೆ. ಹಗಲಿನ ಬಣ್ಣ ಮತ್ತು ಸೂಕ್ಷ್ಮವಿವರಗಳು ಶಂಕುಗಳ ಕೆಲಸ, ಇರುಳಿನ ಮಸಕು ನೋಟ ದಂಡಗಳ ಕೆಲಸ. ನೆಟ್ಟ ನೋಟ ಬೀಳುವ ನಡುಬಿಂದುವಿನಲ್ಲಿ ದಂಡಕೋಶಗಳು ಇಲ್ಲವೇ ಇಲ್ಲ. ಆದುದರಿಂದ ಕತ್ತಲೆ ಕವಿದಾಗ ಓರೆಗಣ್ಣಿಗೆ ಕಾಣುವ ವಸ್ತು ನೆಟ್ಟಗೆ ನೋಡಿದೊಡನೆ ಮಾಯವಾಗುತ್ತದೆ; ಗುರಿಯಿಡುವುದೆಂದರೆ ನೆಟ್ಟಗೆ ನೋಡುವುದೇ ಆದುದರಿಂದ, ಬಿಲ್ಲುಗಾರನಿಗೆ ಈ ಕೊರತೆ ಉಳಿದವರಿಗಿಂತ ಹೆಚ್ಚಾಗಿ ತಟ್ಟುತ್ತದೆ. ದಂಡಕೋಶಗಳು ಕತ್ತಲಿಗೆ ಪೂರ್ತಿಯಾಗಿ ಒಗ್ಗಲು ಅರ್ಧಗಂಟೆ ಬೇಕು. ಒಗ್ಗಿದ್ದನ್ನು ಕೆಡಿಸಲು ಮೊಬೈಲಿನ ಪರದೆಯನ್ನು ಒಂದು ಸಲ ನೋಡಿದರೆ ಸಾಕು.

ಕಣ್ಣಿನ ಈ ಬದಲಾವಣೆಯನ್ನು ಯಂತ್ರಗಳ ನೆರವಿಲ್ಲದೆ ಪ್ರತ್ಯಕ್ಷ ಕಾಣಲು ಸ್ಪರ್ಧೆಯ ಕಾಗದದ ಗುರಿಹಾಳೆಯೇ ಸಾಕು. ಅದರ ನಡುವೆ ಹಳದಿ, ಅದರ ಸುತ್ತ ಕೆಂಪು, ಬಳಿಕ ನೀಲಿ, ಬಳಿಕ ಕಪ್ಪು, ಹೊರಗೆ ಬಿಳಿ. ಬಿಸಿಲಿನಲ್ಲಿ ಕೆಂಪು ಉಜ್ವಲವಾಗಿಯೂ ನೀಲಿ ಅದಕ್ಕಿಂತ ಗಂಭೀರವಾಗಿಯೂ ತೋರುವುದಷ್ಟೆ. ಸೂರ್ಯ ಮುಳುಗಿ ಕಾಲುಗಂಟೆ ಕಳೆದ ಮೇಲೆ ಅದೇ ಹಾಳೆಯನ್ನು ನೋಡುತ್ತ ನಿಂತರೆ ಕೆಂಪು ಬಳೆ ಕ್ರಮೇಣ ಕಂದಿ ಕಪ್ಪಿನ ಕಡೆಗೆ ಜಾರುವುದೂ, ನೀಲಿ ಬಳೆ ಬೂದಿಬೆಳ್ಳಗೆ ತೇಲಿಬರುವುದೂ ಕಾಣುತ್ತದೆ. ಕೊನೆಯಲ್ಲಿ ನಡುವಣ ಹಳದಿಯೊಂದು ಮಸಕು ಬೊಟ್ಟಾಗಿ ಉಳಿದು, ಅದರ ಸುತ್ತ ಒಂದು ಕರಿಯ ಹೊಂಡ ಬಿದ್ದಂತಿರುತ್ತದೆ. ಹಗಲಿನಲ್ಲಿ ಹಸಿರುಹಳದಿಗೆ ಅತ್ಯಂತ ಸಂವೇದನಾಶೀಲವಾದ ಕಣ್ಣು ಇರುಳಿನಲ್ಲಿ ನೀಲಿಹಸಿರಿನ ಕಡೆಗೆ ಸರಿಯುವುದನ್ನು ಮೊದಲು ಗಮನಿಸಿದವನು ಪುರ್ಕಿಂಜೆ ಎಂಬ ಬೊಹೀಮಿಯದ ವಿದ್ವಾಂಸ. ಮಬ್ಬುಬೆಳಕಿಗೆ ಹಸಿರು ಪಿನ್ನು ಕೆಂಪು ಪಿನ್ನಿಗಿಂತ ಮೇಲೆಂಬ ಅಭಿಪ್ರಾಯಕ್ಕೆ ಇದೇ ಆಧಾರ. ಅದನ್ನು ನಾನು ಒಪ್ಪುತ್ತೇನೆ.

ಸಾಧನಗಳಿಗೆ ಬರೋಣ. ಕಾಂಪೌಂಡ್ ಬಿಲ್ಲಿನ ಸೈಟು ಎರಡು ಭಾಗಗಳಿಂದಾದದ್ದು: ಬಿಲ್ಲಿನ ದಂಡಕ್ಕೆ ತಿರುಪಿನಿಂದ ಬಿಗಿದ ಪಿನ್ನುಗಳ ಬಳೆಯೊಂದು, ಹೆದೆಯ ಎಳೆಗಳ ನಡುವೆ ಸೇರಿಸಿದ ಸಣ್ಣ ರಂಧ್ರವೊಂದು. ಈ ರಂಧ್ರವನ್ನು ಪೀಪ್ ಎನ್ನುವರು. ಕೊಳ್ಳುವವರ ಗಮನವೆಲ್ಲ ಪಿನ್ನಿನ ಮೇಲಿರುತ್ತದೆ; ಮಬ್ಬುಬೆಳಕಿನಲ್ಲಿ ಹೆಚ್ಚು ಕೆಡುಕು ಮಾಡುವುದು ಪೀಪ್. ಯೌವನದಲ್ಲಿ ಸಂಜೆಯ ಹೊತ್ತಿಗೆ ಕಣ್ಣಿನ ಪಾಪೆ 6 ಮಿಲಿಮೀಟರಿನಷ್ಟು ಅಗಲವಾಗುತ್ತದೆನ್ನೋಣ. ದೂರದ ಲಕ್ಷ್ಯದಿಂದ ಬರುವ ಬೆಳಕು ಮೊದಲು ಪೀಪನ್ನು ದಾಟಿ ಬಳಿಕ ಪಾಪೆಯನ್ನು ಹೊಗಬೇಕಾದುದರಿಂದ ಇವೆರಡರಲ್ಲಿ ಕಿರಿದಾದುದೇ ಬೆಳಕಿನ ಮಿತಿಯನ್ನು ನಿರ್ಣಯಿಸುತ್ತದೆ. ಒಂದು ಅಂಗುಲದ ಎಂಟರಲ್ಲೊಂದು ಪಾಲು, ಅಂದರೆ 3.2 ಮಿಲಿಮೀಟರ್ ರಂಧ್ರದ ಪೀಪ್ ಇದ್ದರೆ, ವಿಸ್ತೀರ್ಣದ ಲೆಕ್ಕದಲ್ಲಿ, ಕಣ್ಣಿಗೆ ದೊರೆಯಬೇಕಾದ ಬೆಳಕಿನ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ ಒಳಬರುತ್ತದೆ. ಕಾಲಂಗುಲದ, ಅಂದರೆ 6.4 ಮಿಲಿಮೀಟರಿನ ಪೀಪ್ ಹಾಕಿದರೆ ಪಾಪೆಗೆ ಅಡ್ಡಿಯೇ ಇಲ್ಲ. ಒಂದು ಸಣ್ಣ ಬಿಲ್ಲೆಯನ್ನು ಬದಲಿಸಿದುದರಿಂದ ಲಕ್ಷ್ಯ ಮೂರೂವರೆ ಪಟ್ಟು ಬೆಳಗುವುದಾದರೆ, ಯಾವ ದುಬಾರಿ ಪಿನ್ನು ಇದಕ್ಕೆ ಸಮನಾಗಬಲ್ಲುದು?

ದೊಡ್ಡ ರಂಧ್ರಕ್ಕೂ ದೋಷವಿಲ್ಲದೆ ಇಲ್ಲ. ಕಿರಿದಾದ ರಂಧ್ರ ಪಿನ್ನನ್ನೂ ಲಕ್ಷ್ಯವನ್ನೂ ಒಟ್ಟಿಗೆ ತೀಕ್ಷ್ಣವಾಗಿಸುತ್ತದೆ. ಹಿರಿದಾದುದು ಎರಡರಲ್ಲೊಂದನ್ನು ಮಸಕಾಗಿಸುತ್ತದೆ. ಕಣ್ಣು ರಂಧ್ರದ ನಡುವೆ ನಿಂತಿದೆಯೇ ಎಂಬ ನಿಶ್ಚಯವೂ ದೊಡ್ಡ ರಂಧ್ರದಲ್ಲಿ ಸಡಿಲವಾಗುತ್ತದೆ. ಇದಕ್ಕೆ ಪರಿಹಾರ ಸೈಟಿನ ಬಳೆಯನ್ನೇ ರಂಧ್ರದೊಳಗೆ ಸಮಕೇಂದ್ರವಾಗಿ ಕೂರಿಸಿ ನೋಡುವುದು: ವೃತ್ತದೊಳಗೆ ವೃತ್ತ, ಎರಡರ ನಡುವೆ ತೆಳುವಾದ ಬೆಳಕಿನ ಅಂಚು. ಈ ಅಂಚು ಒಂದು ಕಡೆ ದಪ್ಪವಾದರೆ ತಲೆ ವಾಲಿದೆಯೆಂದೇ ಅರ್ಥ. ಆದುದರಿಂದ ಪೀಪನ್ನೂ ಬಳೆಯನ್ನೂ ಬೇರೆ ಬೇರೆಯಾಗಿ ಕೊಳ್ಳದೆ ಒಂದಕ್ಕೊಂದು ಹೊಂದುವ ಅಳತೆಯಲ್ಲಿ ಕೊಳ್ಳುವುದು ಕ್ಷೇಮ.

ಪಿನ್ನಿನ ವಿಚಾರದಲ್ಲಿ ದಪ್ಪವನ್ನು ಕುರಿತು ವೃಥಾ ವಾದವಾಗುತ್ತದೆ. ಪಿನ್ನಿನ ತುದಿಯಾಗುವ ಫೈಬರ್ ಎಳೆ ಅಂಗುಲದ ಸಾವಿರದಲ್ಲಿ 29 ಪಾಲು ದಪ್ಪದ್ದಾದರೆ 0.74 ಮಿಲಿಮೀಟರ್, 19 ಪಾಲಿನದು 0.48, 10 ಪಾಲಿನದು 0.25. ಕಣ್ಣಿನಿಂದ ಪಿನ್ನಿಗೆ 85 ಸೆಂಟಿಮೀಟರ್ ದೂರವೆಂದು ಹಿಡಿದರೆ, 30 ಮೀಟರಿನಲ್ಲಿ ಇವು ಕ್ರಮವಾಗಿ 26, 17 ಮತ್ತು 9 ಮಿಲಿಮೀಟರುಗಳನ್ನು ಮುಚ್ಚುತ್ತವೆ. ಅತ್ಯಂತ ದಪ್ಪನಾದುದು ಮುಚ್ಚುವುದೂ ಹತ್ತು ರೂಪಾಯಿ ನಾಣ್ಯದಷ್ಟು. ಬೊಂಬೆಪ್ರಾಣಿಯ ಮೈಮೇಲೆ ಅದೊಂದು ಬಾಧಕವೇ ಅಲ್ಲ. 50 ಮೀಟರಿನ ಸ್ಪರ್ಧೆಯಲ್ಲಿ, ಹತ್ತು ಅಂಕದ ವೃತ್ತ 8 ಸೆಂಟಿಮೀಟರ್ ಅಗಲವಿರುವಾಗ, ದಪ್ಪ ಪಿನ್ನು ಅದರ ಅರ್ಧವನ್ನು ನುಂಗುವುದು ನಿಜ. ಅಲ್ಲಿ ಸಣ್ಣದೇ ಬೇಕು. ಆದರೆ ಸಂಜೆಯಲ್ಲಿ ನಿಜವಾದ ತೊಂದರೆ ಎಳೆಯ ದಪ್ಪದಿಂದ ಬರುವುದಲ್ಲ, ಅದರ ಪ್ರಭೆಯಿಂದ ಬರುವುದು. ಹಿಗ್ಗಿದ ಪಾಪೆಗೆ ಉಜ್ವಲ ಬಿಂದುವೊಂದು ಎದುರಾದಾಗ ಅದರ ಸುತ್ತ ಕಿರಣಗಳು ಚೆದರಿ, 17 ಮಿಲಿಮೀಟರನ್ನು ಮುಚ್ಚಬೇಕಾದುದು ಅಂಗೈಯಗಲವನ್ನು ಮುಚ್ಚುವಂತೆ ತೋರುತ್ತದೆ. ಹಿಂದಿರುವ ಮಸಕು ಲಕ್ಷ್ಯ ಆ ಪ್ರಭೆಯಲ್ಲಿ ಮುಳುಗಿಹೋಗುತ್ತದೆ. ಲಕ್ಷ್ಯ ಕಾಣಿಸದೆ ಪಿನ್ನು ಮಾತ್ರ ಜ್ವಲಿಸುತ್ತಿರುವ ಸ್ಥಿತಿಗಿಂತ ಅಪಾಯಕರವಾದುದು ಬಿಲ್ಲುಗಾರಿಕೆಯಲ್ಲಿ ಮತ್ತೊಂದಿಲ್ಲ, ಏಕೆಂದರೆ ಅದು ನೋಡುತ್ತಿದ್ದೇನೆಂಬ ಭ್ರಮೆಯನ್ನು ಕೊಡುತ್ತದೆ.

ಫೈಬರ್ ಎಳೆಯ ಗುಣ ಇಲ್ಲಿಯೇ ಎದ್ದುಕಾಣುವುದು. ಬಣ್ಣ ಬೆರೆಸಿದ ಆ ಪ್ಲಾಸ್ಟಿಕ್ ಎಳೆ ತನ್ನ ಉದ್ದಕ್ಕೂ ಆಕಾಶದ ಬೆಳಕನ್ನು ಹೀರಿ ತುದಿಯಲ್ಲಿ ಹೊರಸೂಸುತ್ತದೆ. ಉದ್ದ ಹೆಚ್ಚಿದಷ್ಟೂ ತುದಿ ಹೆಚ್ಚು ಬೆಳಗುತ್ತದೆಂದು ಎಳೆಯನ್ನು ಬಳೆಯ ಸುತ್ತ ಸುರುಳಿ ಸುತ್ತಿರುತ್ತಾರೆ. ಬೆಳಕು ಇಳಿದಂತೆ ಅದರ ಪ್ರಭೆಯೂ ತಾನಾಗಿ ಇಳಿಯುತ್ತದೆ. ಇದನ್ನು ದೋಷವೆಂದು ಎಣಿಸುವವರುಂಟು. ನಾನು ಇದನ್ನು ಅದರ ಪರಮಗುಣವೆಂದು ಎಣಿಸುತ್ತೇನೆ. ಲಕ್ಷ್ಯ ಅಳಿಯುವ ಹೊತ್ತಿಗೇ ಪಿನ್ನೂ ಅಳಿಯುವುದರಿಂದ ಬಿಲ್ಲುಗಾರ ಮೋಸಹೋಗುವ ಸಂಭವ ಕಡಿಮೆ. ಬ್ಯಾಟರಿಯ ಪುಟ್ಟ ದೀಪದಿಂದ ಪಿನ್ನನ್ನು ಬೆಳಗಿಸುವ ಏರ್ಪಾಡು ಬೇಕೆಂದೇ ಆದರೆ, ಪ್ರಕಾಶವನ್ನು ಹಂತಹಂತವಾಗಿ ತಗ್ಗಿಸಬಲ್ಲ ತಿರುಗುಗುಂಡಿ ಇರುವುದನ್ನೇ ಆರಿಸಬೇಕು. ಉರಿ ಅಥವಾ ಆರು ಎಂಬ ಎರಡೇ ಸ್ಥಿತಿಯುಳ್ಳದ್ದು ಬೇಡ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಂತೂ ಬಿಲ್ಲಿನ ಮೇಲೆ ವಿದ್ಯುತ್ ಸಾಧನಕ್ಕೆ ಎಡೆಯಿಲ್ಲ. ರಾಟೆಗಳಿಲ್ಲದ ರಿಕರ್ವ್ ಬಿಲ್ಲಿಗೆ ಪೀಪೂ ಮಸೂರವೂ ಕೂಡ ವರ್ಜ್ಯ.

ಉಳಿದ ಬಗೆಗಳನ್ನು ಕುರಿತು ಎರಡು ಮಾತು ಸಾಕು. ಟ್ರಿಷಿಯಂ ತುಂಬಿದ ಪಿನ್ನು ಬ್ಯಾಟರಿಯಿಲ್ಲದೆ ಹಗಲಿರುಳೂ ಮಂದವಾಗಿ ಬೆಳಗುತ್ತದೆ. ಆದರೆ ಅದು ವಿಕಿರಣಶೀಲ, ಅದರ ಅರ್ಧಾಯುಸ್ಸು 12.3 ವರ್ಷ, ಅದಕ್ಕಿಂತ ಹಳೆಯ ಮಾಲನ್ನು ಕೊಂಡವನಿಗೆ ಅರ್ಧಕ್ಕಿಂತ ಕಡಿಮೆ ಬೆಳಕು. ಕೆಂಪು ಬಿಂದುವನ್ನು ಗಾಜಿನ ಮೇಲೆ ತೋರಿಸುವ ಸೈಟಿನಲ್ಲಿ ಎರಡು ಕಣ್ಣನ್ನೂ ತೆರೆದು ನೋಡುವ ಸೌಕರ್ಯವಿದೆ. ಭಾರ ಹೆಚ್ಚು, ನಿಯಮಗಳ ತೊಡಕು ಹೆಚ್ಚು. ಮಸೂರವುಳ್ಳದ್ದು ಹಗಲಿಗೆ ಲೇಸು. ಲೇಪವಿಲ್ಲದ ಗಾಜಿನ ಪ್ರತಿ ಮುಖದಲ್ಲಿಯೂ ನೂರಕ್ಕೆ ನಾಲ್ಕರಷ್ಟು ಬೆಳಕು ಪ್ರತಿಫಲಿಸಿ ನಷ್ಟವಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ನಮ್ಮಲ್ಲಿ ಧೂಳಿನಿಂದ. ಸಂಡೂರಿನ ಕಡೆಯ ಅದಿರಿನ ಲಾರಿಗಳು ಓಡುವ ದಾರಿಗಳ ಬದಿಯಲ್ಲಿ ಗಿಡದ ಎಲೆಗಳ ಮೇಲೆ ಕೂರುವ ಕೆಂಧೂಳಿಯೇ ಮಸೂರದ ಮೇಲೆಯೂ ಫೈಬರ್ ಸುರುಳಿಯ ಮೇಲೆಯೂ ಕೂರುತ್ತದೆ. ಸಿರುಗುಪ್ಪದ ಗದ್ದೆಗಳಲ್ಲಿ ಮಾಗಿಯ ನಸುಕಿನಲ್ಲಿ ಇಬ್ಬನಿ ಹನಿಗಟ್ಟುತ್ತದೆ. ಸುರುಳಿಯ ಮೇಲೆ ಒದ್ದೆ ಬಟ್ಟೆಯನ್ನು ಒಮ್ಮೆ ಎಳೆದರೆ ಪಿನ್ನಿನ ತುದಿ ಹೊಸದರಂತೆ ಹೊಳೆಯುವುದನ್ನು ನೋಡಿದವನು ಹೊಸ ಸೈಟಿಗಾಗಿ ಅವಸರಪಡಲಾರ.

ದೂರದ ಅಂದಾಜು ಮಬ್ಬಿನಲ್ಲಿ ಮೊದಲು ಕೈಕೊಡುವ ಶಕ್ತಿ. ಲಕ್ಷ್ಯದ ಅಂಚು ಮಸಕಾದಾಗ ಅದು ಇರುವುದಕ್ಕಿಂತ ದೂರದಲ್ಲಿರುವಂತೆ ತೋರುವುದು ಸಹಜ. ಸೆಕೆಂಡಿಗೆ 80 ಮೀಟರ್ ವೇಗದ ಬಾಣವನ್ನು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 35 ಮೀಟರಿಗೆ ಹೊಂದಿಸಿದ ಪಿನ್ನಿನಿಂದ 30 ಮೀಟರಿನ ಲಕ್ಷ್ಯಕ್ಕೆ ಬಿಟ್ಟಾಗ ಅದು ಹನ್ನೊಂದೂವರೆ ಸೆಂಟಿಮೀಟರ್ ಮೇಲೆ ನಾಟುತ್ತದೆ. ಪಿನ್ನಿನ ದಪ್ಪ ಬಣ್ಣಗಳ ವಾದವನ್ನೆಲ್ಲ ಈ ಒಂದು ತಪ್ಪು ತೊಡೆದುಹಾಕುತ್ತದೆ. ಐದು ಪಿನ್ನುಗಳ ಸೈಟಿನಲ್ಲಿ ಮಬ್ಬಿನ ಹೊತ್ತು ಎಣಿಕೆ ತಪ್ಪಿ ಮೂರನೆಯದರ ಬದಲು ನಾಲ್ಕನೆಯದನ್ನು ಹಿಡಿಯುವುದು ಇನ್ನೂ ಸುಲಭವಾಗಿ ಆಗುವ ಪ್ರಮಾದ. ಆದುದರಿಂದ ಸಂಜೆಯ ಅಭ್ಯಾಸಕ್ಕೆ ಒಂದೇ ಪಿನ್ನಿನ, ಜಾರುವ ಸೈಟು ಉತ್ತಮ, ಅಥವಾ ಬೇರೆ ಬೇರೆ ಬಣ್ಣದ ಎರಡು ಮೂರು ಪಿನ್ನು ಸಾಕು.

ಸೈಟೇ ಬೇಡವೆನ್ನುವ ಪಂಥವೂ ಒಂದುಂಟು. ಅದರ ಪಕ್ಷದಲ್ಲಿ ಆದಿಪರ್ವದ ಕಥೆಯೊಂದನ್ನು ಹೇಳಬಹುದು. ಅರ್ಜುನನಿಗೆ ಕತ್ತಲಲ್ಲಿ ಊಟ ಬಡಿಸಬೇಡವೆಂದು ದ್ರೋಣನು ಅಡಿಗೆಯವನಿಗೆ ಗುಟ್ಟಾಗಿ ಕಟ್ಟಪ್ಪಣೆ ಮಾಡಿದ್ದನಷ್ಟೆ. ಒಂದು ರಾತ್ರಿ ಗಾಳಿಗೆ ದೀಪ ನಂದಿದರೂ ಅರ್ಜುನನ ಕೈ ತುತ್ತನ್ನು ಬಾಯಿಗೆ ತಪ್ಪದೆ ಒಯ್ಯುತ್ತಿರಲು, ಇದು ಅಭ್ಯಾಸಬಲವೆಂದು ತಿಳಿದ ಆತ ಅಂದಿನಿಂದ ಇರುಳಿನಲ್ಲಿ ಬಿಲ್ಲಿನ ಅಭ್ಯಾಸಕ್ಕೆ ತೊಡಗಿದ. ಹೆದೆಯ ಟಂಕಾರವನ್ನು ಕೇಳಿ ದ್ರೋಣನೆದ್ದು ಬಂದು ಆಲಿಂಗಿಸಿದ. ಈ ಕಥೆಯ ಕೈ ಇಂದಿನ ತರಬೇತಿಯಲ್ಲಿ ಪ್ರಧಾನವಾದುದೇ: ಎಳೆದ ಹೆದೆ ದವಡೆಯ ಒಂದೇ ಜಾಗಕ್ಕೆ, ಒಂದೇ ಒತ್ತಡದಲ್ಲಿ, ಕಣ್ಣಿನ ಸಹಾಯವಿಲ್ಲದೆ ಬಂದು ನಿಲ್ಲಬೇಕು. ಅದು ಸ್ಥಿರವಾಗದವನಿಗೆ ಪೀಪಿನೊಳಗೆ ಬಳೆ ಕೂರುವುದೇ ಇಲ್ಲ, ಮಬ್ಬಿನಲ್ಲಂತೂ ಹುಡುಕಾಟದಲ್ಲಿಯೇ ಬೆಳಕು ಮುಗಿಯುತ್ತದೆ. ಆದರೆ ತುತ್ತು ಸೇರಬೇಕಾದ ಬಾಯಿ ಅರ್ಜುನನದೇ. ಅದು ಎಲ್ಲಿದೆಯೆಂದು ಅವನು ಬಲ್ಲ. ದೂರದ ಲಕ್ಷ್ಯ ಎಲ್ಲಿದೆ, ಏನಾಗಿದೆ, ಅದರ ಹಿಂದೆ ಯಾರಿದ್ದಾರೆ ಎಂಬುದನ್ನು ಅಭ್ಯಾಸಬಲ ತಿಳಿಸಲಾರದು.

ಅದನ್ನು ಅರಿಯಲು ದರೋಜಿಯ ಕರಡಿಧಾಮ ಒಳ್ಳೆಯ ಪಾಠಶಾಲೆ. 1994ರಲ್ಲಿ ಘೋಷಿತವಾದ ಆ ಧಾಮದ ವೀಕ್ಷಣಾಗೋಪುರದಿಂದ ಎದುರಿನ ಬಂಡೆಗುಡ್ಡವನ್ನು ಇಳಿಹೊತ್ತಿನಲ್ಲಿ ನೋಡುತ್ತ ಕುಳಿತರೆ, ಕರಡಿ ಗವಿಯಿಂದ ಹೊರಬಂದು ಬಂಡೆಯಿಂದ ಬಂಡೆಗೆ ಇಳಿಯುವುದು ಮೊದಲಿಗೆ ನಿಚ್ಚಳವಾಗಿರುತ್ತದೆ: ಎದೆಯ ಬಿಳಿಯ ಪಟ್ಟೆ, ಮಾಸಲು ಮೂತಿ, ಬೆನ್ನೇರಿದ ಮರಿ. ಬೆಳಕು ಇಳಿಯುತ್ತ ಬಂದಂತೆ ಮೂತಿ ಮರೆಯಾಗುತ್ತದೆ, ಬಳಿಕ ಮರಿ ತಾಯಿಯ ಮೈಯಲ್ಲಿ ಕರಗುತ್ತದೆ, ಬಳಿಕ ಎರಡು ಬಂಡೆಗಳ ನಡುವಣ ನೆರಳು ಯಾವುದು ಕರಡಿ ಯಾವುದೆಂಬುದು ಅದು ಚಲಿಸಿದಾಗಲಷ್ಟೇ ತಿಳಿಯುತ್ತದೆ. 8×42 ದುರ್ಬೀನಿನಲ್ಲಿ ಕಣ್ಣಿಗೆ ಬರುವ ಬೆಳಕಿನ ಕಂಬ ಐದೂಕಾಲು ಮಿಲಿಮೀಟರ್ ಅಗಲ, 7×50ರಲ್ಲಿ ಏಳು. ಅದರಿಂದ ಗುರುತಿಸುವ ಕಾಲ ಕೆಲವು ನಿಮಿಷ ಹೆಚ್ಚುವುದು ನಿಜ. ಬೇಟೆಗೆ ಅನುಮತಿಯಿರುವ ದೇಶಗಳಲ್ಲಿಯೂ ವಿವೇಕಿಗಳು ಸೈಟಿಗಿಂತ ದುರ್ಬೀನಿಗೆ ಹೆಚ್ಚು ಹಣ ಕೊಡುವುದು ಇದಕ್ಕಾಗಿಯೇ.

ವಯಸ್ಸಿನ ಲೆಕ್ಕವನ್ನೂ ಬಿಡುವಂತಿಲ್ಲ. ಅರವತ್ತರ ಸುಮಾರಿಗೆ ಪಾಪೆ ಕತ್ತಲಲ್ಲಿಯೂ ಐದು ಮಿಲಿಮೀಟರಿಗಿಂತ ಹಿಗ್ಗಲಾರದು. ಅಂಥವರಿಗೆ ಕಾಲಂಗುಲದ ಪೀಪಿನಿಂದ ವಿಶೇಷ ಲಾಭವಿಲ್ಲ, ಮೂರು-ಹದಿನಾರಂಶದ, ಅಂದರೆ 4.8 ಮಿಲಿಮೀಟರಿನದು ಸಾಕು. ಅದರಿಂದ ಪಿನ್ನಿನ ತೀಕ್ಷ್ಣತೆಯೂ ಉಳಿಯುತ್ತದೆ. ಚಾಳೀಸು ಬಂದವರು ಓದುವ ಕನ್ನಡಕವನ್ನು ಹಾಕಿಕೊಂಡು ಪಿನ್ನನ್ನು ಸ್ಪಷ್ಟಪಡಿಸಿಕೊಳ್ಳುವುದು ತಪ್ಪು. ದೂರದ ಲಕ್ಷ್ಯ ಸ್ಪಷ್ಟವಾಗಿ, ಪಿನ್ನು ತುಸು ಮಸಕಾಗಿರುವುದೇ ಸರಿ.

ಕೊಳ್ಳುವ ಮೊದಲು ಪರೀಕ್ಷೆ ನಡೆಯಬೇಕಾದುದು ಅಂಗಡಿಯ ದೀಪದ ಕೆಳಗಲ್ಲ, ಬಯಲಿನಲ್ಲಿ. ಗುರಿಹಾಳೆಯನ್ನು 30 ಮೀಟರಿನಲ್ಲಿ ನಿಲ್ಲಿಸಿ, ಬಾಣವನ್ನು ಹೂಡದೆ, ಮೊದಲು ಬರಿಗಣ್ಣಿನಿಂದ, ಬಳಿಕ ಬೇರೆ ಬೇರೆ ಪೀಪುಗಳ ಮೂಲಕ, ಕೆಂಪು ಬಳೆ ಕಪ್ಪಿನಿಂದ ಬೇರೆಯಾಗಿ ತೋರುವುದು ಸೂರ್ಯಾಸ್ತದ ಎಷ್ಟನೆಯ ನಿಮಿಷಕ್ಕೆ ನಿಲ್ಲುತ್ತದೆಂದು ಗುರುತು ಹಾಕಿಕೊಳ್ಳಬೇಕು. ಕುರುಗೋಡಿನಲ್ಲಿ ಪಡುವಣ ಗುಡ್ಡದ ಮರೆಯಿದ್ದ ಕಡೆ ಈ ನಿಮಿಷ ಸಿರುಗುಪ್ಪದ ತೆರೆದ ಬಯಲಿಗಿಂತ ಮೊದಲೇ ಬರುತ್ತದೆ. ಮೋಡವಿದ್ದ ದಿನ ಇನ್ನೂ ಮೊದಲು. ಬಾಣ ಬಿಡುವುದನ್ನು ಆ ನಿಮಿಷಕ್ಕಿಂತ ಕಾಲುಗಂಟೆ ಮುಂಚೆಯೇ ನಿಲ್ಲಿಸತಕ್ಕದ್ದು, ಏಕೆಂದರೆ ಬಿಟ್ಟ ಬಾಣಗಳನ್ನು ಎಣಿಸಿ ಆಯ್ದುಕೊಳ್ಳಲೂ ಬೆಳಕು ಬೇಕು. ಕೊಯ್ದ ಭತ್ತದ ಕೂಳೆಗಳ ನಡುವೆ ಓರೆಯಾಗಿ ಹುದುಗಿದ ಬಾಣ ಟಾರ್ಚಿನ ಬೆಳಕಿಗೆ ಸಿಕ್ಕುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಗದ್ದೆಗೆ ದನಗಳು ಮೇಯಲು ಬರುತ್ತವೆ, ಅವುಗಳ ಹಿಂದೆ ಬರಿಗಾಲಿನ ಹುಡುಗರು ಬರುತ್ತಾರೆ.